ಮೇಲಿನಿಂದ ಹೊಡೆದ ತಗಡು

ಹೆತ್ತವರು ಇಟ್ಟ ಹೆಸರು ಬೇರೆಯೇ ಇತ್ತು. ಸೋರುವ ಮನೆಗಳನ್ನು ಹುಡುಕಿಕೊಂಡು ಮೂವತ್ತು ವರ್ಷ ಹೆಂಚಿನ ಮಾಡು ಹತ್ತಿದ್ದರಿಂದ ಊರಿನ ಬಾಯಲ್ಲಿ ಅವನು ಸೋರಪ್ಪನಾದ. ತಗಡು ಕತ್ತರಿಸುವುದರಲ್ಲಿ ಕೈ ಎಷ್ಟು ಚುರುಕೋ, ಹಿಂದಿನ ಕೆಲಸಗಾರನನ್ನು ಬೈಯುವುದರಲ್ಲಿ ನಾಲಿಗೆಯೂ ಅಷ್ಟೇ ಚುರುಕು. ಯಾರ ಮಾಡು ಹತ್ತಿದರೂ ಮೊದಲು ಹತ್ತು ನಿಮಿಷ ಬೈಗುಳ, ಆಮೇಲೆ ಸುತ್ತಿಗೆ. ಸೋರುವ ಮನೆಯವರಿಗೂ ತಮ್ಮ ಪರವಾಗಿ ಬೈಯುವವನೊಬ್ಬ ಸಿಕ್ಕರೆ ಅರ್ಧ ಸಮಾಧಾನ ಅನ್ನಿ.

ಈ ಸಲ ಕರೆದವರು ಕೆಲಸದಿಂದ ನಿವೃತ್ತರಾದ ಒಬ್ಬ ಟೀಚರ್. ಹೊಸ ಮನೆ, ಒಳಗೆ ಬಂದು ನಾಲ್ಕು ತಿಂಗಳೂ ಆಗಿರಲಿಲ್ಲ. ಅಡುಗೆಮನೆಗೊಂದು, ಹಾಲ್‌ಗೊಂದು ಚಿಮಣಿ. ಎರಡರ ಪಕ್ಕದಲ್ಲೂ ಸೂರಿನಿಂದ ಸ್ವಿಚ್‌ಬೋರ್ಡಿನವರೆಗೆ ಗೋಡೆ ಒದ್ದೆ. ಕಂಟ್ರಾಕ್ಟರ್ ಕಡೆಯವರು ಎರಡು ಸಲ ಬಂದು ಡಾಂಬರು ಬಳಿದು ಹೋಗಿದ್ದರು. ಮುರಿದ ಕಾಲಿಗೆ ಮುಲಾಮು ಹಚ್ಚಿದರೆ ಕೂಡಿಕೊಳ್ಳುತ್ತದೆಯೇ ಎಂದು ಸೋರಪ್ಪ ಕೇಳಿದ. ಚಿಮಣಿಯದೇನೂ ತಪ್ಪಿಲ್ಲ, ಅದು ಹೆಂಚಿಗೆ ಕೂಡುವ ಸಂದಿಯಲ್ಲಿ ಹೊಡೆದ ತಗಡಿನದೇ ತಪ್ಪು ಎಂದು ಹೇಳಿ ಏಣಿ ಹಾಕಿದ.

ಡಾಂಬರು ಕೆರೆದು ನೋಡಿದವನಿಗೆ ಬೈಗುಳ ಬಾಯಲ್ಲೇ ನಿಂತಿತು. ತಗಡಿನ ತುದಿಯನ್ನು ಎರಡು ಸಲ ಮಡಚಿ, ಸುತ್ತಿಗೆಯ ಗುರುತೂ ಉಳಿಯದಂತೆ ತಟ್ಟಿದ ಮಡಿಕೆ. ಹಾಗೆ ಮಡಚುವವರು ಊರಲ್ಲಿ ಇಬ್ಬರೇ. ಒಬ್ಬ ಸೋರಪ್ಪ, ಇನ್ನೊಬ್ಬ ಅದನ್ನು ಅವನಿಗೆ ಕಲಿಸಿದ ಅಕ್ಕನ ಗಂಡ.

ಮಡಿಕೆ ಅಷ್ಟು ಚೆನ್ನ, ಕೂಡಿಸಿದ ರೀತಿ ಮಾತ್ರ ತಲೆಕೆಳಗು. ತಗಡಿನ ತುಂಡುಗಳನ್ನು ಕೆಳಗಿನಿಂದ ಮೇಲಕ್ಕೆ ಹೊಡೆದುಕೊಂಡು ಬರಬೇಕು. ಆಗ ಮೇಲಿನದು ಕೆಳಗಿನದರ ಮೇಲೆ ಕೂತು ನೀರು ಜಾರಿ ಹೋಗುತ್ತದೆ. ಇದು ಈ ಕೆಲಸದ ಅ ಆ ಇ ಈ. ಇಲ್ಲಿ ಮೇಲಿನಿಂದ ಕೆಳಕ್ಕೆ ಹೊಡೆದಿದ್ದರಿಂದ ಪ್ರತಿ ಸಂದಿಯೂ ನೀರಿಗೆ ಬಾಗಿಲು ತೆರೆದು ನಿಂತಿತ್ತು. ಚಿಮಣಿಯ ಮುಂಭಾಗಕ್ಕೆ, ಅಂದರೆ ಮಾಡಿನ ಅಂಚಿನ ಕಡೆಗೆ, ತಗಡನ್ನೇ ಹಾಕಿರಲಿಲ್ಲ. ಎರಡನೆಯ ಚಿಮಣಿಯದೂ ಅದೇ ಕತೆ. ಭಾವನಿಗೆ ಕೆಲಸ ಮರೆತಿಲ್ಲ, ಅಂಚಿನ ಕಡೆ ಇಳಿಯಲು ಆಗುತ್ತಿಲ್ಲ ಎಂದು ಸೋರಪ್ಪನಿಗೆ ಹೊಳೆಯಿತು. ಮಾಡಿನ ನೆತ್ತಿಯನ್ನು ಒಂದು ಕೈಯಲ್ಲಿ ಅಪ್ಪಿಕೊಂಡು, ಕೈಗೆ ಎಟುಕಿದಷ್ಟು ಹೊಡೆದು ಎದ್ದು ಬಂದಿದ್ದಾನೆ. ಇವತ್ತು ಸೋರಿದ್ದು ನೀರು, ನಾಳೆ ಬೀಳುವುದು ಮನುಷ್ಯ. ಸೋರಪ್ಪನಿಗೆ ನಿಜಕ್ಕೂ ಹೆದರಿಕೆಯಾಯಿತು.

ಕೆಳಗಿನಿಂದ ಟೀಚರ್ ಯಾವ ದಡ್ಡ ಮಾಡಿದ್ದು ಎಂದು ಕೇಳಿದರು. ದಡ್ಡನಲ್ಲ, ಕೆಲಸ ಬಲ್ಲವನೇ ಎಂದಷ್ಟೇ ಹೇಳಿ, ನಾಳೆ ಬರುತ್ತೇನೆಂದು ಇಳಿದುಬಿಟ್ಟ.

ಭಾವನ ಶೆಡ್ಡಿಗೆ ಹೋಗುವ ದಾರಿಯುದ್ದಕ್ಕೂ ಬಿಸಿ ತುಪ್ಪ ಬಾಯಲ್ಲಿಟ್ಟುಕೊಂಡ ಹಾಗಾಗಿತ್ತು, ನುಂಗುವಂತಿಲ್ಲ, ಉಗುಳುವಂತಿಲ್ಲ. ಭಾವನೋ ಮೂಗಿನ ತುದಿಯಲ್ಲೇ ಸಿಟ್ಟು ಇಟ್ಟುಕೊಂಡ ಮನುಷ್ಯ. ನಲವತ್ತು ವರ್ಷ ಊರಿನ ಎತ್ತರದ ಮಾಡುಗಳಿಗೆಲ್ಲ ಅವನೇ ಬೇಕಾಗಿತ್ತು. ಈಗಲೂ ಬೆಂಚಿನ ಮುಂದೆ ನಿಂತು ತಗಡು ಮಡಚುತ್ತಿದ್ದ, ಕೈ ಒಂದಿಷ್ಟೂ ನಡುಗುತ್ತಿರಲಿಲ್ಲ. ಸೋರಪ್ಪ ಟೀಚರ್ ಮನೆಯ ಮಾತು ತೆಗೆದ. ಭಾವ ಹೆಂಚನ್ನು ಬೈದ, ಗಾರೆಯವನನ್ನು ಬೈದ, ಕಂಟ್ರಾಕ್ಟರನ್ನು ಬೈದ. ಬೈಯುವುದನ್ನೂ ಸೋರಪ್ಪ ಕಲಿತದ್ದು ಅವನಿಂದಲೇ. ಎಲ್ಲ ಮುಗಿಯುವವರೆಗೆ ಕಾದ.

"ಭಾವ, ನೀವು ಮೇಲಿಂದ ಹೊಡ್ಕೊಂಡು ಬಂದಿದೀರಿ. ಅಂಚಿಗೆ ಇಳಿದೇ ಇಲ್ಲ."

ಭಾವ ಕೈಲಿದ್ದ ತಗಡನ್ನು ಬೆಂಚಿನ ಮೇಲಿಟ್ಟ.

"ಕೆಳಗೆ ನೋಡಿದ್ರೆ ನೆಲಾನೇ ಎದ್ದು ಬಂದ ಹಾಗಾಗುತ್ತೆ ಕಣೋ. ಒಂದು ವರ್ಷ ಆಯ್ತು. ನಿಮ್ಮಕ್ಕಂಗೂ ಹೇಳಿಲ್ಲ."

ಮಡಿಕೆ ಕೆಲಸ ನೀವು ಮಾಡಿ, ಮೇಲಿನದು ನನಗಿರಲಿ ಎಂದು ಸೋರಪ್ಪ ಮೆಲ್ಲಗೆ ಹೇಳಿದ. ಎಲ್ಲಿ ಸುತ್ತಿಗೆ ಎಸೆಯುತ್ತಾನೋ ಎಂಬ ಅಂಜಿಕೆಯಿಂದ ಒಂದು ಹೆಜ್ಜೆ ಹಿಂದೆಯೂ ಸರಿದಿದ್ದ. ಭಾವ ಎಸೆಯಲಿಲ್ಲ. ಗೋಡೆಯಲ್ಲಿ ನೇತುಹಾಕಿದ್ದ ಅಂಗಿ ತೆಗೆದು ತೊಟ್ಟು, ಗುಂಡಿಗಳನ್ನು ಒಂದೊಂದಾಗಿ ಹಾಕಿಕೊಂಡ.

"ಅದೊಂದೇ ಮನೆ ಅಲ್ಲ, ಇನ್ನೂ ಮೂರು ಮನೆ ಹಾಗೇ ಮಾಡಿದೀನಿ. ನಡಿ, ತೋರಿಸ್ತೀನಿ. ನೀನು ಹತ್ತು, ನಾನು ಏಣಿ ಹಿಡ್ಕೋತೀನಿ."