ಎಣ್ಣೆ ಕುಡಿದ ಹಲಗೆಗಳು

ನೆಲದ ಕೆಲಸ ಮಾಡುತ್ತಲೇ ನನ್ನ ತಲೆ ಬೆಳ್ಳಗಾಗಿದೆ. ಸಿಂಧನೂರಿನಲ್ಲಿ ಮನೆ, ಕೆಲಸ ಕರೆದಲ್ಲಿ. ಮಸ್ಕಿಯ ಆ ಮನೆ ನೆನಪಾದರೆ ಮಾತ್ರ ನನ್ನ ಮೇಲೇ ನನಗೆ ಸಿಟ್ಟು ಬರುತ್ತದೆ.

ಹಳೆಯ ಮನೆ. ಮಹಡಿಯಲ್ಲಿ ದೇವರ ಕೋಣೆ, ಅದಕ್ಕೆ ತೇಗದ ಹಲಗೆಯ ನೆಲ. ಮನೆಯ ಹಿರಿಯಾಕೆಗೆ ಅದರ ಮೇಲೆ ಟೈಲ್ಸ್ ಬೇಕಿತ್ತು. ಮೊದಲು ದೋಸೆ ಹಿಟ್ಟಿನ ಹಾಗೆ ಹರಿದು ತಾನೇ ಮಟ್ಟವಾಗುವ ಸಿಮೆಂಟು ಸುರಿಯಬೇಕು. ಅದಕ್ಕೂ ಮೊದಲು ಹಲಗೆಯನ್ನು ಹದ ಮಾಡಬೇಕು. ಬರಿಗಾಲಲ್ಲಿ ನಡೆದು, ಕಿರ್ ಎಂದಲ್ಲೆಲ್ಲ ಸ್ಕ್ರೂ ಬಿಗಿದೆ. ಸಂದು ಮುಚ್ಚಿದೆ. ಹಳೆಯ ಬಣ್ಣ ಹೆರೆದು, ಗುಡಿಸಿ, ಸಿಮೆಂಟು ಕಚ್ಚಲೆಂದು ಪ್ರೈಮರ್ ಬಳಿದೆ.

ಉಳಿದದ್ದು ದೇವರನ್ನು ಕೂರಿಸಿದ ಜಗುಲಿಯ ಮುಂದಿನ ನಾಲ್ಕು ಹಲಗೆ. ಎಷ್ಟೋ ವರ್ಷದ ದೀಪದೆಣ್ಣೆ ಕುಡಿದು ಕಪ್ಪಗಾಗಿದ್ದವು. ನಾನು ಉಳಿ ಹಿಡಿದದ್ದೇ ತಡ, ಹಿರಿಯಾಕೆ ಓಡಿ ಬಂದರು.

"ಅಯ್ಯ, ದೇವರ ಮುಂದ ಕಬ್ಬಿಣ ಆಡಿಸಬ್ಯಾಡಪ! ಅಷ್ಟು ಹಂಗಾ ಬಿಡು."

"ಆತು ಬಿಡ್ರಿ ಅವ್ವಾರ," ಎಂದೆ.

ಎಣ್ಣೆ ಕುಡಿದ ಮರ ಸಿಮೆಂಟನ್ನು ಹಿಡಿಯುವುದಿಲ್ಲ. ನನಗದು ಚೆನ್ನಾಗಿ ಗೊತ್ತಿತ್ತು. ದೇವರನ್ನು ಒಂದು ದಿನ ಕೆಳಗಿಳಿಸಿ ಎನ್ನಬಹುದಿತ್ತು, ಎನ್ನಲಿಲ್ಲ. ಭಕ್ತಿಯೂ ಅಲ್ಲ, ಮಣ್ಣೂ ಅಲ್ಲ, ಬರೀ ಮೈಗಳ್ಳತನ. ಬಟ್ಟೆಯಿಂದ ಒರೆಸಿದಂತೆ ಮಾಡಿ ಸುರಿದುಬಿಟ್ಟೆ.

ನೆಲ ಒಣಗಿದ ಮೇಲೆ, ಆ ಮನೆಗೆ ಹೊಸದಾಗಿ ಬಂದಿದ್ದ ಸೊಸೆ ಜಗುಲಿಯಲ್ಲಿ ದೀಪ ಹಚ್ಚಿದಳಂತೆ. ವಾರ ಬಿಟ್ಟು ಟೈಲ್ಸ್ ಹಾಕಲು ಹೋದರೆ ಅಲ್ಲೇ ಬಿರುಕು. ತಟ್ಟಿದರೆ ಪೊಳ್ಳು ಸದ್ದು.

"ಈಕಿ ಹೊಸದಾಗಿ ದೀಪ ಹಚ್ಚಿದ್ಲು, ದೇವರ ಮುಂದಾ ನೆಲ ಬಾಯಿ ಬಿಟ್ಟೈತಿ. ಎಂಥಾ ಕಾಲ್ಗುಣ ನೋಡಪ! ಇನ್ನ ಈಕಿನ್ನ ಜಗುಲಿ ಹತ್ರ ಬಿಡಂಗಿಲ್ಲ," ಎಂದರು ಹಿರಿಯಾಕೆ.

ಸೊಸೆ ಬಾಗಿಲಲ್ಲಿ ತಲೆ ತಗ್ಗಿಸಿ ನಿಂತಿದ್ದಳು. ನಾನು ಒಂದು ಮಾತಾಡಿದ್ದರೆ ಸಾಕಿತ್ತು. ಆದರೆ ಮಸ್ಕಿ, ಲಿಂಗಸುಗೂರಿನ ತುಂಬ ನನ್ನ ಕೈಗೆ ಹೆಸರಿತ್ತಲ್ಲ! "ಒಮ್ಮೊಮ್ಮಿ ಹಂಗ ಆಗತೈತ್ರಿ," ಎಂದು ಗೊಣಗಿದೆ. ಈ ಸಲ ಅವರೇ ಹೆದರಿ ದೇವರನ್ನು ಕೆಳಗಿಳಿಸಿದರು. ಬಿರಿದ ಸಿಮೆಂಟು ಕಿತ್ತು, ಎಣ್ಣೆ ಹೋಗುವ ತನಕ ಹಲಗೆ ಹೆರೆದು ಮತ್ತೆ ಸುರಿದೆ. ನೆಲ ಗಟ್ಟಿಯಾಗಿ ನಿಂತಿತು.

ವರ್ಷದ ಮೇಲೆ ಬಚ್ಚಲ ಕೆಲಸಕ್ಕೆ ಅದೇ ಮನೆಯಿಂದ ಕರೆ ಬಂತು. ಸಂಜೆ ಹಿರಿಯಾಕೆ ದೀಪ ಹಚ್ಚಲು ಮೇಲೆ ಹೋದರು. ಸೊಸೆ ಎದ್ದು ಹೊರಗೆ ಕಟ್ಟೆಯ ಮೇಲೆ ಕೂತಳು. ದಿನಾ ಹೀಗೇ ಎಂದು ನೋಡಿದರೇ ತಿಳಿಯುತ್ತಿತ್ತು. ಹಿರಿಯಾಕೆ ಕೆಳಗೆ ಬಂದ ಕೂಡಲೇ ಹೇಳಿದೆ.

"ಅವ್ವಾರ, ನೆಲ ಬಿರಿದಿದ್ದು ನನ್ನ ತಪ್ಪು ರೀ. ಎಣ್ಣಿ ಹೆರೀಲಾರದ ಸುರಿದಿದ್ದೆ. ಈ ತಂಗೀದು ಏನೂ ಇಲ್ಲ."

ಅವರು ನಕ್ಕರು. "ನಿನ್ನ ಮನಸ್ಸು ದೊಡ್ಡದಪ. ಆಕಿ ತಪ್ಪು ನಿನ್ನ ಮ್ಯಾಲ ಹಾಕ್ಕೊಳ್ಳಾಕತ್ತಿ."

ಎಷ್ಟು ಆಣೆ ಮಾಡಿದರೂ ನಂಬಲಿಲ್ಲ. ಹೊರಡುವಾಗ ಸೊಸೆ ನೀರಿನ ಚೊಂಬು ಕೊಟ್ಟು, ಮೆಲ್ಲಗೆ ಅಂದಳು:

"ಅವತ್ತಾ ಹೇಳಿದ್ರ ನಂಬತಿದ್ರು, ಕಾಕಾ."