ವಾಸನೆಯಿಲ್ಲದ ಡ್ರಮ್ಮು

ಗಾಳಿಗೆ ಏರಲಿಲ್ಲ ಎಂದ ಮಾತ್ರಕ್ಕೆ ರಾಸಾಯನಿಕ ಮಾಯವಾಗುವುದಿಲ್ಲ; ನೀರು ಸಿಕ್ಕರೆ ನೀರಿಗೆ ಬೆರೆಯಬಲ್ಲದು. ಇದನ್ನು ತಿಳಿಯಲು ಪದವಿ ಬೇಕಿಲ್ಲ.

ಸವಣೂರಿನ ಫರ್ಜಾನಾಗೆ ಪದವಿಯೂ ಇತ್ತು. ಯಲವಿಗಿ ರಸ್ತೆಯ ಕಾರ್ಖಾನೆಯೊಂದರ ಪ್ರಯೋಗಾಲಯದಲ್ಲಿ ಅವಳ ಕೆಲಸ. ಅಲ್ಲಿನ ಹಳೆಯ ದ್ರಾವಕದ ಘಾಟು ಸಂಜೆ ಅವಳ ದುಪಟ್ಟಾ ಹಿಡಿದೇ ಮನೆಗೆ ಬರುತ್ತಿತ್ತು. ಅದರ ಬದಲಿಗೆ ಅಯಾನಿಕ್ ದ್ರವ ಬಂದಾಗ, ಇದು ‘ಗ್ರೀನ್’, ಪರಿಸರಕ್ಕೆ ಕೇಡಿಲ್ಲದ್ದು ಎಂದು ಎಲ್ಲರಿಗಿಂತ ಹೆಚ್ಚು ಹಿಗ್ಗಿದವಳು ಅವಳೇ. ನೀರಿನಲ್ಲಿ ಕರಗಿಸದೆಯೂ ದ್ರವವಾಗಿಯೇ ಇರುವ ಒಂದು ಬಗೆಯ ಉಪ್ಪು ಅದು. ಆವಿಯಾಗದು, ಸುಲಭಕ್ಕೆ ಬೆಂಕಿ ಹತ್ತದು. ವೇಗವರ್ಧಕ ಅದರೊಳಗೇ ಉಳಿಯುತ್ತದೆ, ತಯಾರಾದ ಮಾಲು ಕೆನೆಯ ಹಾಗೆ ಮೇಲೆ ತೇಲುತ್ತದೆ. ಅದೇ ದ್ರವ ಮತ್ತೆ ಬಳಕೆಗೆ ಸಿದ್ಧ. ಇಷ್ಟೂ ನಿಜ. ಅರ್ಧ ನಿಜ ಮಾರುವವರಿಗೆ ಇಷ್ಟು ಸಾಕು.

ದ್ರವ ತುಂಬಿ ಬಂದಿದ್ದ ನೀಲಿ ಡ್ರಮ್ಮುಗಳು ಖಾಲಿಯಾದವು. ಅವನ್ನು ಅವಳ ಓಣಿಗೇ ಪುಕ್ಕಟೆ ಹಂಚಿಸಲು ಮ್ಯಾನೇಜರ್ ಸುದೀಪ ಮುಂದಾದ.

“ತೊಳಸೀರೇನ್ರಿ ಸರ್?”

“ಚೆಂದಂಗ ತೊಳಸೇನವಾ, ಟೆಸ್ಟೂ ಮಾಡಿಸೇನಿ. ಓಣಿ ಮಂದಿಗೆ ನೀನ ಒಂದ್ ಮಾತು ಹೇಳು.”

ಡ್ರಮ್ಮು ತಗೊಳ್ಳುವಾಗ ಒಳಗೆ ತಲೆ ಹಾಕಿ ಮೂಸಿ ನೋಡುವುದು ಓಣಿಯ ರೂಢಿ. ಘಾಟಿದ್ದರೆ ಯಾರೂ ಮುಟ್ಟರು. ಇವಕ್ಕೆ ಘಾಟೇ ಇರಲಿಲ್ಲ. ಈ ದ್ರವದ ವಿಷಯದಲ್ಲಿ ಮೂಗು ಸಾಕ್ಷಿಯಲ್ಲ ಎಂದು ಫರ್ಜಾನಾಗೆ ಗೊತ್ತಿತ್ತು. ಅವಳು ನಂಬಿದ್ದು ಸುದೀಪನ ಮಾತನ್ನು. “ತೊಳಸ್ಯಾರ, ತಗೋರಿ” ಎಂದು ತಾನೇ ಹಂಚಿದಳು.

ಪಕ್ಕದ ಮನೆಗಳವರು ಕುಡಿಯುವ ನೀರು ತುಂಬಿದರು. ವೀಳ್ಯದೆಲೆಯ ಬಳ್ಳಿ ಬೆಳೆಯುವ ಜನ್ನತಬಿ ತನ್ನ ಡ್ರಮ್ಮಿನ ನೀರನ್ನು ಎಳೆಯ ಬಳ್ಳಿಗೆ ಹಾಕಿದಳು. ಕೆಲವೇ ದಿನಕ್ಕೆ ಎಲೆಗಳು ಅಂಚಿನಿಂದ ಸುಟ್ಟುಕೊಂಡು ಬಂದವು.

“ಬಾರವಾ ಸೈಂಟಿಸ್ಟ್ ಬಾಯಿ,” ಜನ್ನತಬಿ ಕರೆದಳು. “ಬಾವಿ ನೀರಿನ ಸಾಲು ಹಸರ ಐತಿ. ನಿನ್ನ ಡ್ರಮ್ಮಿನ ಸಾಲು ನೋಡು.”

ಫರ್ಜಾನಾ ಕಾರ್ಖಾನೆಗೆ ಓಡಿದಳು. ಹಂಚದೆ ಉಳಿದಿದ್ದ ಡ್ರಮ್ಮೊಂದನ್ನು ವಾಲಿಸಿದರೆ ತಳದಲ್ಲಿ ಜೋನಿಬೆಲ್ಲದಂಥ ದ್ರವ ಮೆಲ್ಲಗೆ ಹರಿಯಿತು. ಆ ಡ್ರಮ್ಮು ತೊಳೆಯುವ ನೀರನ್ನೇ ಕಂಡಿರಲಿಲ್ಲ.

“ತೊಳಸೇನಿ ಅಂದಿದ್ರಿ ಸರ್!”

“ಗ್ರೀನ್ ಐತಿ, ಗ್ರೀನ್ ಐತಿ ಅಂತ ಕುಣದಾಕಿ ನೀನ. ಹಂಚಿದಾಕಿನೂ ನೀನ. ನಾ ನಿಮ್ಮ ಓಣಿಗೆ ಕಾಲ ಇಟ್ಟಿಲ್ಲ.” ಸುದೀಪ ನಕ್ಕ. “ಸುಮ್ಮನಿರು. ವಾಸನಿ ಇಲ್ಲ, ಯಾರಿಗೆ ಗೊತ್ತಾಗತೈತಿ?”

ತನ್ನ ಸುಳ್ಳು ಹೇಳಲು ಅವನು ಅವಳ ಬಾಯನ್ನು ಬಳಸಿಕೊಂಡಿದ್ದ.

ಅವಳು ಮನೆಮನೆಯ ಬಾಗಿಲು ಬಡಿದಳು. “ಡ್ರಮ್ಮಿನ ನೀರು ಕುಡೀಬ್ಯಾಡ್ರಿ. ಗಟಾರಕ್ಕೂ ಚೆಲ್ಲಬ್ಯಾಡ್ರಿ, ಮುಚ್ಚಿ ಇಡ್ರಿ.”

“ಮೊನ್ನೆ ಛಲೋ ಐತಿ ಅಂದಿ, ಇವತ್ತು ವಿಷ ಅಂತಿ,” ಒಬ್ಬಳು ಹೊಸ್ತಿಲಲ್ಲೇ ತಡೆದಳು. “ನಾವು ಯಾವ ಫರ್ಜಾನಾನ್ನ ನಂಬೂಣು?”

ಅರ್ಧ ಓಣಿ ಬಾಗಿಲು ಹಾಕಿಕೊಂಡಿತು. ಒಳಗೆ ಚೊಂಬು ಡ್ರಮ್ಮಿನಲ್ಲಿ ಮುಳುಗುವ ಸದ್ದು ಅವಳಿಗೆ ಕೇಳಿಸಿತು.

ಓದುಗರೇ, ಅಯ್ಯೋ ಪಾಪ ಅನ್ನುವುದು ಸಾಕು. ಎದ್ದು ಹಿತ್ತಲಿಗೆ ಹೋಗಿ. ನಿಮ್ಮ ಡ್ರಮ್ಮಿನಲ್ಲಿ ಮೊದಲು ಏನಿತ್ತೆಂದು ಅದನ್ನು ಕೊಟ್ಟವನನ್ನೇ ಕೇಳಿ. ಉತ್ತರ ಸಿಗುವವರೆಗೆ ಅದರಿಂದ ಒಂದು ಲೋಟ ನೀರನ್ನೂ ಮಕ್ಕಳ ಕೈಗೆ ಕೊಡಬೇಡಿ.