ಸೈಕಲ್ಲು ಹೊತ್ತು ದಾಟಿದ ರಸ್ತೆ

ಇದು ಆಗದ ಮಾತು ಎಂದು ಮೊದಲು ಹೇಳಿದವರು ನಮ್ಮ ದೊಡ್ಡಪ್ಪ. ಹಂಗಳದ ನಮ್ಮ ಮನೆಯ ಜಗಲಿಯ ಮೇಲೆ ಕೂತು, ಎಲೆಗೆ ಸುಣ್ಣ ಸವರುತ್ತ, ಬೀದಿಗೆಲ್ಲ ಕೇಳುವ ಹಾಗೆ ಹೇಳಿದರು: “ದೊಡ್ಡ್ ರಸ್ತೆ ತುಳೀದೆ ಬಿ.ಎ. ಓದ್ತನಂತೆ! ನೀರಿಗಿಳೀದೆ ಈಜು ಕಲ್ತಂಗೆ ಕಣ್ಲಾ. ಆಗದ್ ಮಾತು, ಬುಡು.”

ದೊಡ್ಡಪ್ಪನವರನ್ನು ನಾನು ದೂರುವುದಿಲ್ಲ. ನಮ್ಮ ಮನೆತನದಲ್ಲಿ ಅಲ್ಲಿಯವರೆಗೆ ನಾಲ್ಕನೆಯ ಕ್ಲಾಸಿನ ಹೊಸ್ತಿಲು ದಾಟಿದವರಿರಲಿಲ್ಲ. ನಾನು ಕಾಲೇಜು ದಾಟುತ್ತೇನೆಂದು ಹೊರಟಿದ್ದೆ, ಅದೂ ರಸ್ತೆ ಮುಟ್ಟದೆ. ಯಾಕೆ ಮುಟ್ಟಬಾರದು ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಇಟ್ಟುಕೊಂಡು ಹೇಳುವಂಥ ವಿಷಯವಲ್ಲ. ನಮ್ಮಣ್ಣ ಈರುಳ್ಳಿ ಗಾಡಿ ಕಟ್ಟಿಕೊಂಡು ಗುಂಡ್ಲುಪೇಟೆಗೆ ಹೋದವನು ಹಿಂದಕ್ಕೆ ಬರಲಿಲ್ಲ. ಲಾರಿಗೆ ಸಿಕ್ಕಿದ. ಆ ಕಾಲದಲ್ಲಿ ಆ ರಸ್ತೆಗೆ ಲಾರಿಗಳೇ ಅಪರೂಪ. ಒಂದು ಹೋಗಿ ಇನ್ನೊಂದು ಬರುವಷ್ಟರಲ್ಲಿ ದನ ನಡುರಸ್ತೆಯಲ್ಲಿ ಮಲಗಿ, ಸಾವಕಾಶವಾಗಿ ಮೆಲುಕು ಹಾಕಿ, ಎದ್ದು ಮನೆಗೆ ಹೋಗಬಹುದಿತ್ತು. ಅಷ್ಟು ಖಾಲಿ ಬಿದ್ದಿದ್ದ ರಸ್ತೆಯಲ್ಲಿ ಆ ಒಂದು ಲಾರಿಗೆ ನಮ್ಮಣ್ಣನೇ ಸಿಕ್ಕಬೇಕಿತ್ತೆ? ಮುಂದೆ ಮೈಸೂರಿನಲ್ಲಿ ತರ್ಕಶಾಸ್ತ್ರವನ್ನೇ ಪಾಠವಾಗಿ ಓದಿದೆ. ಈ ಪ್ರಶ್ನೆಗೆ ಅಲ್ಲೂ ಉತ್ತರವಿರಲಿಲ್ಲ.

ಅಣ್ಣ ಅವತ್ತು ಮನೆಯಲ್ಲಿ ಬಿಟ್ಟುಹೋದ ಸೈಕಲ್ಲು ನನ್ನದಾಯಿತು. ಮೊದಲ ದಿನ ಅದನ್ನು ಅಂಗಳಕ್ಕಿಳಿಸಿದಾಗ ಅವ್ವ ಅಡ್ಡ ಬಂದು ನಿಂತಳು. “ಓದ್ಕೊ, ಬ್ಯಾಡ ಅನ್ನಕಿಲ್ಲ. ಆ ಕರೀ ರಸ್ತೆಗೆ ಮಾತ್ರ ನಿನ್ ಚಕ್ರ ತಾಕ್ಕೂಡ್ದು. ಬಸ್ಸೂ ಹತ್ಕೂಡ್ದು. ನನ್ ತಲೆ ಮುಟ್ಟಿ ಆಣೆ ಮಾಡು.” ಮಾಡಿದೆ. ಎಣ್ಣೆ ಕಾಣದ ಆ ತಲೆ ಒಲೆಯ ಮುಂದಿನಿಂದ ಎದ್ದು ಬಂದಿತ್ತು, ಇನ್ನೂ ಬೆಚ್ಚಗಿತ್ತು. ಪಕ್ಕದಲ್ಲಿ ಅತ್ತಿಗಮ್ಮ ನಿಂತಿದ್ದರು. ಗಂಡನನ್ನು ಕಳೆದುಕೊಂಡ ಅವರು ನನ್ನಿಂದ ಯಾವ ಆಣೆಯನ್ನೂ ಕೇಳಲಿಲ್ಲ.

ರೈಲಿಗೆ ಅವ್ವನ ಅಡ್ಡಿಯಿರಲಿಲ್ಲ. “ಅದು ಕಂಬಿ ಬುಟ್ಟು ಯಾರ್ ಮೇಲೂ ಬರಕಿಲ್ಲ, ಮರ್ಯಾದಸ್ತ” ಎನ್ನುತ್ತಿದ್ದಳು. ಹಾಗಾಗಿ ನನ್ನ ವಿದ್ಯಾಭ್ಯಾಸದ ಭೂಗೋಳ ಇಷ್ಟೇ: ಚಾಮರಾಜನಗರದ ಸ್ಟೇಷನ್ನಿನವರೆಗೆ ಗಾಡಿದಾರಿಯಲ್ಲಿ ಸೈಕಲ್ಲು, ಅಲ್ಲಿಂದ ಮೈಸೂರಿಗೆ ರೈಲು. ರಜ ಸಿಕ್ಕಿದಾಗೆಲ್ಲ ಇದೇ ಹಾದಿಯಲ್ಲಿ ವಾಪಸು.

ಓದುಗರೇ, ಗಾಡಿದಾರಿಯಲ್ಲಿ ನೀವು ಸೈಕಲ್ಲು ಹೊಡೆದಿದ್ದೀರೋ ಇಲ್ಲವೋ ಕಾಣೆ. ಎರಡು ಬಿಂದುಗಳ ನಡುವೆ ಅತಿ ಹತ್ತಿರದ ದಾರಿ ನೇರ ಗೆರೆ ಎಂದು ಹೈಸ್ಕೂಲಿನಲ್ಲಿ ನಮಗೆ ಕಲಿಸಿದ್ದರು. ಕಲಿಸಿದವರು ನಮ್ಮ ಸೀಮೆಯ ಗಾಡಿದಾರಿ ನೋಡಿರಲಿಲ್ಲ. ಅದು ಒಂದು ಹುತ್ತಕ್ಕೆ ಮರ್ಯಾದೆ ಕೊಟ್ಟು ಬಳಸುತ್ತದೆ. ಯಾರೋ ಅಣ್ಣತಮ್ಮಂದಿರು ಬದುವಿಗಾಗಿ ಬಡಿದಾಡಿದ ಕಡೆ ಇದ್ದಕ್ಕಿದ್ದಂತೆ ಮೊಣಕೈ ಮಡಚುತ್ತದೆ. ಹುಣಸೆಮರ ಕಂಡರೆ ಸುಸ್ತಾದವರ ಹಾಗೆ ಅದರ ಬುಡಕ್ಕೆ ಹೋಗಿ ಬರುತ್ತದೆ. ಎರಡೂ ಕಡೆ ಗಾಲಿ ಕೊರೆದ ಜಾಡು, ನಡುವೆ ಎತ್ತುಗಳು ತುಳಿದ ಮೆತ್ತನೆಯ ಗೀಟು. ಆ ಗೀಟಿನ ಮೇಲೆಯೇ ಸೈಕಲ್ಲು ಓಡಬೇಕು. ತಪ್ಪಿ ಜಾಡಿಗಿಳಿದರೆ ನಿಮ್ಮನ್ನು ಅದು ತನಗೆ ಬೇಕಾದ ಊರಿಗೆ ಕರೆದುಕೊಂಡು ಹೋಗುತ್ತದೆ. ಹಾಗೆ ನಾನು ಎಷ್ಟೋ ಬೇಡದ ಊರುಗಳನ್ನು ನೋಡಿದ್ದೇನೆ. ಎಲ್ಲ ಕಡೆಯೂ ಮಜ್ಜಿಗೆ ಕೊಟ್ಟು ಸರಿದಾರಿ ತೋರಿಸಿದ್ದಾರೆ.

ಹುಚ್ಚೆಳ್ಳು ಹೂಬಿಟ್ಟ ಕಾಲದಲ್ಲಿ ಹೊಲಗಳ ನಡುವೆ ಹೋಗುತ್ತಿದ್ದರೆ, ನನ್ನ ಚೈನಿನ ಸದ್ದು ಬಿಟ್ಟರೆ ಇನ್ನೊಂದಿಲ್ಲ. ಆಗೊಮ್ಮೆ ಈಗೊಮ್ಮೆ ಮನುಷ್ಯರು ಸಿಗುವರು, ಸಿಕ್ಕಿದವರು ಸುಮ್ಮನೆ ಬಿಡುವರೆ? ಕಳೆ ಕೀಳುತ್ತಿದ್ದ ಒಬ್ಬ ಅಜ್ಜಿ ವರ್ಷಗಟ್ಟಲೆ ನನ್ನನ್ನು ಕೇಳಿದ್ದಾಳೆ: “ಎಲ್ಲಿಗ್ಲಾ ಮಗ?” “ಮೈಸೂರ್ಗೆ ಕಣಜ್ಜಿ, ಓದಕ್ಕೆ.” “ಇನ್ನೂವೆ ಮುಗೀನಿಲ್ವಾ? ಅಷ್ಟ್ ದಡ್ಡನಾ ನೀನು?” ಕಾಲೇಜಿನ ಯಾವ ಪರೀಕ್ಷಕರೂ ನನ್ನನ್ನು ಇಷ್ಟು ನೇರವಾಗಿ ಕೇಳಲಿಲ್ಲ.

ಆದರೆ ಒಂದು ತೊಡಕಿತ್ತು. ನಮ್ಮ ಮನೆ ಆ ಕರೀ ರಸ್ತೆಯ, ಅಂದರೆ ಊಟಿ ರಸ್ತೆಯ, ಪಡುವಣಕ್ಕೆ, ಚಾಮರಾಜನಗರ ಮೂಡಣಕ್ಕೆ. ರಸ್ತೆಯ ಉದ್ದಕ್ಕೆ ಹೋಗದಿದ್ದರೂ ಅಡ್ಡಕ್ಕಾದರೂ ದಾಟಲೇಬೇಕು. ವಕೀಲರ ಹಾಗೆ ಕೂತು ಯೋಚಿಸಿದೆ. ಅವ್ವ ಹೇಳಿದ್ದು ಚಕ್ರ ತಾಕಬಾರದೆಂದು. ಕಾಲಿನ ಮಾತು ಎತ್ತಿಲ್ಲ. ಸರಿ, ಸೈಕಲ್ಲನ್ನು ಹೆಗಲಿಗೇರಿಸಿ ನಡೆದು ದಾಟಿದೆ. ಅಂದಿನಿಂದ ಓದು ಮುಗಿಯುವವರೆಗೆ ಹೀಗೆಯೇ ದಾಟಿದ್ದು. ಅಲ್ಲಿ ಕುರಿ ಕಾಯುತ್ತಿದ್ದ ಮುದುಕನಿಗೆ ಇದು ಪುಕ್ಕಟೆ ನಾಟಕ. “ಏನ್ಲಾ, ನೀನು ಸೈಕಲ್ ಮ್ಯಾಲೆ ಕೂರದೋ, ಸೈಕಲ್ಲು ನಿನ್ ಮ್ಯಾಲೆ ಕೂರದೋ?” “ಸರದಿ ಮ್ಯಾಲೆ ಕಣಜ್ಜ” ಎಂದು ಓಡುತ್ತಿದ್ದೆ. ಮನೆ ಸೇರಿದ ಮೇಲೆ ಅವ್ವನ ತಪಾಸಣೆ ಬೇರೆ. ಮೊದಲು ಚಕ್ರ ನೋಡುವಳು. ಕೆಮ್ಮಣ್ಣು ಮೆತ್ತಿದ್ದರೆ ಮುಖ ಅರಳುವುದು. ಆಮೇಲೆ ನನ್ನ ಮುಖ ನೋಡಿ “ಸೊರಗಿದೀಯಲ್ಲಪ್ಪ” ಎನ್ನುವಳು. ಚಕ್ರದ ಯೋಗಕ್ಷೇಮ ಮೊದಲು, ಮಗನದು ನಂತರ.

ನಗುತ್ತ ಬರೆಯಬಹುದಾದದ್ದು ಇಲ್ಲಿಗೆ ಮುಗಿಯಿತು.

ಬಿ.ಎ. ಕೊನೆಯ ವರ್ಷ. ನಮ್ಮೂರಿನವರೊಬ್ಬರು ವಿದ್ಯಾರ್ಥಿನಿಲಯಕ್ಕೆ ಬಂದು, “ನಿಮ್ಮವ್ವಂಗೆ ಕಾಯ್ಲೆ ಜಾಸ್ತಿ ಆಗ್ಯದೆ, ತಕ್ಷಣ ಹೊರಡು” ಎಂದರು. ಸಿಕ್ಕಿದ ರೈಲು ಹತ್ತಿದೆ. ಚಾಮರಾಜನಗರದಲ್ಲಿ ಇಳಿದಾಗ ನಡುಹಗಲು. ಸ್ಟೇಷನ್ನಿನ ಹೊರಗೆ ಬಸ್ಸು ನಿಂತಿತ್ತು. ಕಂಡಕ್ಟರು “ಗುಂಡ್ಲುಪೇಟೆ, ಗುಂಡ್ಲುಪೇಟೆ” ಎಂದು ಕೂಗುತ್ತಿದ್ದ. ಅದು ಹತ್ತಿ, ಗುಂಡ್ಲುಪೇಟೆಯಲ್ಲಿ ಬಸ್ಸು ಬದಲಿಸಿದರೆ ಬೇಗನೆ ಊರು. ಗಾಡಿದಾರಿ ಹಿಡಿದರೆ ಹೊತ್ತು ಮುಳುಗುತ್ತದೆ. ಬಸ್ಸಿನ ಮೆಟ್ಟಿಲಿಗೆ ಒಂದು ಕಾಲಿಟ್ಟು ನಿಂತೆ.

ಆಣೆಯ ಕಟ್ಟಳೆ ನಿಮಗೂ ಗೊತ್ತು. ಮುರಿದವನಿಗೆ ಏನೂ ಆಗುವುದಿಲ್ಲ. ಯಾರ ತಲೆ ಮುಟ್ಟಿದ್ದನೋ ಅವರಿಗೆ ತಗಲುತ್ತದೆ. ಮೂಢನಂಬಿಕೆ ಎನ್ನುತ್ತೀರಿ. ನಾನೂ ಅನ್ನುತ್ತೇನೆ. ತರ್ಕಶಾಸ್ತ್ರದಲ್ಲಿ ನನಗೆ ಒಳ್ಳೆಯ ಅಂಕಗಳೇ ಬಂದಿವೆ. ಆದರೆ ಅಲ್ಲಿ ಅವ್ವ ಸಾವು ಬದುಕಿನ ನಡುವೆ ಮಲಗಿದ್ದಾಳೆ, ಅವಳ ತಲೆಯ ಬಿಸುಪು ನನ್ನ ಅಂಗೈಯಲ್ಲಿದೆ. ಹತ್ತಿದರೆ ನಾನೇ ಅವಳನ್ನು ಕೊಂದ ಹಾಗೆ. ಹತ್ತದಿದ್ದರೆ ಅವಳ ಮುಖ ಸಿಗುವುದೋ ಇಲ್ಲವೋ. ಇಂಥ ಹೊತ್ತಿನಲ್ಲಿ ಯಾವ ಪದವಿ ಯಾರ ಕೈ ಹಿಡಿದಿದೆ? “ಹತ್ತಯ್ಯ, ಇಲ್ಲ ಇಳಿ” ಎಂದ ಕಂಡಕ್ಟರು. ಇಳಿದೆ. ಸ್ಟೇಷನ್ನಿನಲ್ಲಿ ಬಿಟ್ಟಿದ್ದ ಸೈಕಲ್ಲು ತೆಗೆದುಕೊಂಡು ಗಾಡಿದಾರಿಗೆ ಬಿದ್ದೆ.

ಅವತ್ತು ಆ ದಾರಿಯ ಒಂದೊಂದು ತಿರುವನ್ನೂ ಶಪಿಸಿದೆ. ಇಷ್ಟು ವರ್ಷ ಚೆಂದ ಎಂದುಕೊಂಡಿದ್ದ ಬಳಸುಗಳೆಲ್ಲ ಬೇಕೆಂದೇ ನನ್ನನ್ನು ತಡೆಯುತ್ತಿದ್ದವು. “ಎಲ್ಲಿಗ್ಲಾ ಮಗ?” ಎಂದ ಅಜ್ಜಿಯನ್ನು ಹಿಂದೆ ಬಿಟ್ಟು ತುಳಿದೆ.

ಸಂಜೆ ಮನೆಯ ಮುಂದೆ ಜನ ಸೇರಿದ್ದರು. ಒಳಗೆ ಅವ್ವನನ್ನು ನಮ್ಮವರ ಪದ್ಧತಿಯಂತೆ ಗೋಡೆಗೊರಗಿಸಿ ಕೂರಿಸಿದ್ದರು. ಹಣೆಗೆ ವಿಭೂತಿ, ಕೊರಳಿಗೆ ಹೂವು. ಯಾರಿಗೋ ಕಾಯುತ್ತ ಕೂತು ಅಲ್ಲೇ ಜೊಂಪು ಹತ್ತಿದ ಹಾಗಿತ್ತು. ದೊಡ್ಡಪ್ಪ ನನ್ನ ಕಡೆ ನೋಡದೆಯೇ, “ಬಸ್ಸತ್ತಿ ಬಂದಿದ್ರೆ ಉಸ್ರಿದ್ದಾಗ್ಲೇ ನೋಡ್ಬೋದಿತ್ತಲ್ಲೋ” ಎಂದು ಹೆಗಲ ವಸ್ತ್ರದಿಂದ ಕಣ್ಣೊರೆಸಿಕೊಂಡರು.

ಅತ್ತಿಗಮ್ಮ ನನ್ನನ್ನು ಪಕ್ಕಕ್ಕೆ ಕರೆದರು. “ಅತ್ತೆ ನಿನ್ನ ಕೇಳಿದ್ರು ಕಣಪ್ಪ. ಬತ್ತಾವ್ನೆ ಅಂದೆ. ಯಾವ್ ದಾರೀಲಿ ಅಂದ್ರು. ಗಾಡಿದಾರೀಲೇ ಅಂದೆ. ಹಂಗಾರೆ ಆತ್ರ ಇಲ್ಲ, ನಿಧಾನಕ್ ಬರ್ಲಿ ಅಂದ್ರು. ಆಮ್ಯಾಕೆ ಮಾತಾಡ್ನಿಲ್ಲ.”

ಬಸ್ಸು ಹತ್ತಬೇಕಿತ್ತೋ ಬೇಡವೋ, ಇವತ್ತಿಗೂ ನನಗೆ ಗೊತ್ತಿಲ್ಲ. ಎರಡು ಕಡೆಯಿಂದಲೂ ವಾದಿಸಿ ನೋಡಿದ್ದೇನೆ, ಎರಡು ಕಡೆಯಲ್ಲೂ ಸೋತಿದ್ದೇನೆ. ಮುಟ್ಟಿದ ತಲೆಯೇ ಮಣ್ಣಿಗೆ ಹೋದ ಮೇಲೆ ಆಣೆ ಎಲ್ಲಿಯದು ಎಂದು ಊರಿನ ಹಿರಿಯರು ಹೇಳಿದರು. ಆದರೂ ಪರೀಕ್ಷೆಗೆ ಗಾಡಿದಾರಿಯಲ್ಲೇ ಹೋದೆ. ಪಾಸಾದೆ. ಯಾರದೋ ನಿಲುವಂಗಿ ಎರವಲು ತೊಟ್ಟು, ಮೈಸೂರಿನಲ್ಲಿ ಸಾಲಿನಲ್ಲಿ ನಿಂತು ಪದವಿಪತ್ರ ಪಡೆದೆ. ಅದನ್ನು ತಗಡಿನ ಕೊಳವೆಯಲ್ಲಿಟ್ಟು, ಸೈಕಲ್ಲಿಗೆ ಬಿಗಿದು, ಜೋಳದ ಹೊಲಗಳ ನಡುವೆ ಬಂದೆ. ಕಷ್ಟಪಟ್ಟು ಗಳಿಸಿದ್ದು ಅದು. ಹೆಮ್ಮೆಯಾಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಹೆಮ್ಮೆಯನ್ನು ಯಾರ ಮುಂದೆ ಬಿಚ್ಚುವುದೆಂದು ಮಾತ್ರ ತಿಳಿಯಲಿಲ್ಲ.

ಅತ್ತಿಗಮ್ಮ ಹಿತ್ತಿಲಲ್ಲಿ ಹುರುಳಿ ಕೇರುತ್ತಿದ್ದರು. ಪದವಿಪತ್ರವನ್ನು ಅವರ ಕೈಗೆ ಕೊಟ್ಟೆ. ಕೈಯನ್ನು ಸೆರಗಿಗೆ ಒರೆಸಿಕೊಂಡು ಹಿಡಿದರು. “ನಿನ್ ಹೆಸ್ರು ಎಲ್ಲದೆ?” ತೋರಿಸಿದೆ. “ಅತ್ತೇದು?”

“ಅವ್ವನ ಹೆಸರು ಹಾಕೋದಿಲ್ಲ ಅತ್ತಿಗಮ್ಮ.”

ಅವರು ಅದನ್ನು ಸುರುಳಿ ಸುತ್ತಿದರು. ನನಗೆ ಚಾಮರಾಜನಗರದಲ್ಲಿ ಮೇಷ್ಟರ ಕೆಲಸ ಸಿಕ್ಕುವುದರಲ್ಲಿದೆ, ದಿನಾ ಹೋಗಿ ಬರಬೇಕಾಗುತ್ತದೆ ಎಂಬುದು ಅವರಿಗೆ ಗೊತ್ತಿತ್ತು.

“ಇನ್ಮ್ಯಾಕೆ ಬಸ್ಸಲ್ಲೇ ಹೋಗ್ ಬಾ ಕಣಪ್ಪ,” ಎಂದರು. “ಹೆದ್ರುಕೊಂಡು ದಾರಿ ನೋಡಕೆ ಮನೇಲಿ ನಾನಿವ್ನಿ.”